ಮಗಳ ಖೋಖೋ, ನನ್ನ ಬಾಯಿ

ನಮ್ಮ ಮನೆಯಲ್ಲಿ ನನ್ನನ್ನು ಬಾಯಿ ಬೊಂಬಾಯಿ ಅನ್ನುತ್ತಾರೆ. ಸುಳ್ಳೇನಲ್ಲ. ಐಗಳಿಯ ನಮ್ಮ ದ್ರಾಕ್ಷಿ ತೋಟದ ಈ ತುದಿಯಲ್ಲಿ ನಿಂತು, ಆ ತುದಿಯಲ್ಲಿ ಕೆಲಸ ಮಾಡುವವರನ್ನು ಚಹಾಕ್ಕೆ ಕರೆಯಲು ನನಗೆ ಮೊಬೈಲು ಬೇಕಿಲ್ಲ. ಈ ಬಾಯನ್ನು ಮುಚ್ಚಿಸುವುದು ನನ್ನ ಹೆತ್ತವರ ಕೈಲಿ ಆಗಲಿಲ್ಲ, ಗಂಡನ ಕೈಲಂತೂ ಆಗಲೇ ಇಲ್ಲ. ಅದನ್ನು ಸಾಧಿಸಿದವರು ನಮ್ಮೂರ ಹೈಸ್ಕೂಲಿನ ಪಿ.ಟಿ. ಸರ್. ಅವರ ಉಪಕಾರವನ್ನು ನಾನು ಮರೆಯುವವಳಲ್ಲ.

ಮಗಳು ಆಗ ಎಂಟನೇ ಕ್ಲಾಸು, ಶಾಲೆಯ ಖೋಖೋ ತಂಡದಲ್ಲಿದ್ದಳು. ನಾನೂ ಚಿಕ್ಕವಳಿದ್ದಾಗ ಒಂದು ವರ್ಷ ಖೋಖೋ ಆಡಿದವಳೇ. ನಿಯಮಗಳೆಲ್ಲ ಮರೆತುಹೋಗಿದ್ದವು, ಉಮೇದು ಮಾತ್ರ ಉಳಿದಿತ್ತು. ಸರ್ ಕಲಿಸಬೇಕು, ಮಗಳು ಆಡಬೇಕು, ನಾನು ಗೆಲ್ಲಿಸಬೇಕು. ನನ್ನ ತಲೆಯಲ್ಲಿದ್ದ ಕೆಲಸದ ಹಂಚಿಕೆ ಇದು. ಹಾಗಾಗಿ ಒಂದು ಪಂದ್ಯವನ್ನೂ ಬಿಡದೆ ಹೋಗಿ, ಗೆರೆಯ ಪಕ್ಕದಲ್ಲೇ ನಿಂತು, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ.

ಅಥಣಿಯಲ್ಲಿ ತಾಲ್ಲೂಕು ಮಟ್ಟದ ಫೈನಲ್ ನಡೆದಿತ್ತು. ನಮ್ಮ ಹುಡುಗಿಯರಿಗೆ ಸರಿಗಟ್ಟಲು ಒಂದು ಅಂಕ ಬೇಕು, ಉಳಿದದ್ದು ಅರ್ಧ ನಿಮಿಷ. ಬೆನ್ನಟ್ಟುತ್ತಿದ್ದವಳು ನನ್ನ ಮಗಳು. ಎದುರಾಳಿ ಹುಡುಗಿ ಚಂಗನೆ ಬಳುಕಿ ಅವಳ ಹಿಂದಕ್ಕೆ ಜಾರಿದಳು. ನನಗದು ಕಂಡಿತು, ಮಗಳಿಗೆ ಕಾಣಲಿಲ್ಲ. "ಹಿಂದ ಅದಾಳ! ಹಿಂದ! ತಿರಗ ಲೇ!" ಎಂದು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒದರಿದೆ.

ಮಗಳು ತಿರುಗಿದಳು. ಸೀಟಿ ಬಿತ್ತು. ಖೋಖೋದಲ್ಲಿ ಬೆನ್ನಟ್ಟುವವಳು ಒಂದು ದಿಕ್ಕಿಗೆ ಹೊರಟಳೆಂದರೆ ಕಂಬ ದಾಟುವವರೆಗೆ ಹಿಂದಕ್ಕೆ ತಿರುಗುವಂತಿಲ್ಲ, ತಿರುಗಿದರೆ ಫೌಲ್. ಮಗಳು ಸಾವರಿಸಿಕೊಳ್ಳುವಷ್ಟರಲ್ಲಿ ಸಮಯ ಮುಗಿದೇಹೋಯಿತು. ಆಟ ಮುಗಿದರೂ ನನ್ನ ಬಾಯಿ ಮುಗಿಯಲಿಲ್ಲ. ಅಂಪೈರಿಗೆ ಕಣ್ಣು ಕಾಣುವುದಿಲ್ಲ ಎಂದು ಜಗಳಕ್ಕೇ ನಿಂತೆ. ಊರಿಗೆ ಮರಳುವಾಗ ಟಂಟಂ ಆಟೋದಲ್ಲಿ ಮಗಳು ನನ್ನ ಪಕ್ಕ ಕೂರಲಿಲ್ಲ. ಸೋತ ಬೇಜಾರಿಗೆ ಹಾಗೆ ಮಾಡಿದಳು ಅಂದುಕೊಂಡೆ.

ಎರಡು ದಿನ ಬಿಟ್ಟು ಸರ್ ತೋಟಕ್ಕೆ ಬಂದರು. ಕುಡಚಿ ಕಡೆಯವರು, ಮೆಲುಮಾತಿನ ಮನುಷ್ಯ. "ಅಕ್ಕಾರ, ಇದನ್ನೊಂದ ನೋಡ್ರಿ" ಎಂದು ಮೊಬೈಲು ಕೈಗಿತ್ತರು. ಯಾರೋ ತೆಗೆದ ಆ ಪಂದ್ಯದ ವಿಡಿಯೋ. ಮೊದಲು ನನ್ನ ದನಿ, ಆಮೇಲೆ ಮಗಳು ತಿರುಗಿದ್ದು, ಆಮೇಲೆ ಸೀಟಿ. ಮೂರು ಸಲ ನೋಡಿದೆ. ಅಂಪೈರಿನ ಕಣ್ಣು ಸರಿಯಾಗಿಯೇ ಇತ್ತು.

"ಆಕಿ ತಂಡದಾಗಿಂದ ತನ್ನ ಹೆಸರ ತಗೀರಿ ಅಂತ ಹೇಳ್ಯಾಳ್ರಿ" ಅಂದರು ಸರ್.

"ಯಾಕಂತ್ರಿ?"

ಅವರು ಬಳ್ಳಿಗಳ ಕಡೆ ನೋಡುತ್ತ ಹೇಳಿದರು. "ನಾ ಆಡಿದ್ರ ಅವ್ವ ಬರತಾಳ್ರಿ, ಅಂದ್ಲು."

ನನಗೆ ಮೈಮೇಲೆ ಬಿಸಿನೀರು ಸುರಿದಂತಾಯಿತು. ಸಿಟ್ಟೂ ಬಂತು, ಸುಳ್ಳು ಹೇಳುವುದಿಲ್ಲ. ಇವಳಿಗಾಗಿ ಗಂಟಲು ಹರಿದುಕೊಂಡವಳು ನಾನು, ಇವಳಿಗೆ ನಾನೇ ಬೇಡವೇ! "ಹಂಗಾರ ನಾ ಬರೂದ ಬಿಡತೀನಿ ತಗೋರಿ" ಎಂದು ಮುಖ ತಿರುಗಿಸಿದೆ. ಸರ್ ನಕ್ಕರು. "ಬರೂದ ಬಿಡಬ್ಯಾಡ್ರಿ. ನಾಳೆ ಮುಂಜಾನೆ ಆರಕ್ಕ ಮೈದಾನಕ್ಕ ಬರ್ರಿ. ಒಬ್ಬಾಕಿದು ಕಾಲ ಉಳಕೈತಿ, ಸಾಲಿನ್ಯಾಗ ಒಂದ ಜಾಗ ಖಾಲಿ ಐತಿ."

ಹೋದೆ. ನೈಟಿಯ ಮೇಲೆ ಟವೆಲ್ಲು ಹೊದ್ದು, ಎಂಟನೇ ಕ್ಲಾಸಿನ ಹುಡುಗಿಯರ ನಡುವೆ ಚೌಕದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಮಗಳು ನನ್ನ ಕಡೆ ನೋಡಲೂ ಇಲ್ಲ. ಸಾಲಿನಲ್ಲಿ ಒಬ್ಬರದು ಇತ್ತ ಮುಖವಾದರೆ ಪಕ್ಕದವರದು ಅತ್ತ. ಬೆನ್ನ ಹಿಂದೆ ಏನು ನಡೆದಿದೆಯೋ ಗೊತ್ತಾಗುವುದಿಲ್ಲ. ಹಿಂದಿನಿಂದ ಬಂದು ಮುಟ್ಟಿ 'ಖೋ' ಅನ್ನುವವರೆಗೆ ಏಳುವಂತಿಲ್ಲ. ಐದೇ ನಿಮಿಷಕ್ಕೆ ತೊಡೆ ನಡುಗತೊಡಗಿತು. "ಸರ್, ಇಲ್ಲಿ ನೆಲಾನ ಸರಿ ಇಲ್ರಿ" ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನನ್ನದು. ಹುಡುಗಿಯರು ಕಿಸಕ್ಕನೆ ನಕ್ಕರು.

ಕೊನೆಗೊಮ್ಮೆ ನನ್ನ ಬೆನ್ನಿಗೂ ಖೋ ಬಿತ್ತು. ನೈಟಿ ಎತ್ತಿ ಹಿಡಿದು ಓಡಿದೆ. ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಗೆರೆಯಾಚೆಯಿಂದ ಸರ್ ಜೋರಾಗಿ "ಹಿಂದ!" ಅಂದರು. ನಾನು ಗರಕ್ಕನೆ ತಿರುಗಿ, ತಿರುಗಿದ ರಭಸಕ್ಕೆ ಕುಂಡೆಯೂರಿ ಬಿದ್ದೆ. ಸರ್ ಸೀಟಿ ಊದಿದರು.

ಎದ್ದು ಧೂಳು ಕೊಡವಿಕೊಳ್ಳುವಾಗ ಹತ್ತಿರ ಬಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದರು. "ನಾ ಇವತ್ತ ಒಮ್ಮೆ ಒದರಿದ್ದಕ್ಕ ನೀವು ತಿರಗಿದ್ರಿ. ಆಕಿ ಹುಟ್ಟಿದಾಗಿಂದ ನಿಮ್ಮ ದನಿಗೆ ತಿರಗ್ಯಾಳ್ರಿ. ಆಟದಾಗ ಹೆಂಗ ತಡಕೋತಾಳ ಹೇಳ್ರಿ?"

ಮಗಳು ಆವತ್ತು ನಿಯಮ ಮರೆತಿರಲಿಲ್ಲ, ನನ್ನ ಮಾತು ಕೇಳಿದ್ದಳು. ಅಂಥವಳ ಮೇಲೆ, ಸೋತು ಬಂದಳೆಂದು, ಮನೆಯಲ್ಲಿ ಎರಡು ದಿನ ಮುಖ ಊದಿಸಿಕೊಂಡು ತಿರುಗಿದ್ದೆನಲ್ಲ, ಅದನ್ನು ನೆನೆದು ನಾಚಿಕೆಯಾಯಿತು.

ಕಾಲು ಉಳುಕಿದ ಹುಡುಗಿ ವಾಸಿಯಾಗಿ ಬರುವವರೆಗೆ, ಸುಮಾರು ಮೂರು ವಾರ, ನಾನು ಸಾಲಿನಲ್ಲಿ ಕೂತೆ. ಮಗಳು ಹೆಸರು ತೆಗೆಸುವ ಮಾತು ಮತ್ತೆ ಎತ್ತಲಿಲ್ಲ. ಆದರೆ ಪಂದ್ಯಕ್ಕೆ ಬಾ ಎಂದೂ ಅನ್ನಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಮರುವರ್ಷ ತಾಲ್ಲೂಕು ಪಂದ್ಯದ ದಿನ ಬಳ್ಳಿಗೆ ಔಷಧ ಹೊಡೆಸುತ್ತ ತೋಟದಲ್ಲೇ ಉಳಿದೆ. ಕೈ ಕೆಲಸದಲ್ಲಿತ್ತು, ಜೀವ ಅಥಣಿಯಲ್ಲಿತ್ತು. ಗೆದ್ದರು. ನಾನಿಲ್ಲದೆಯೇ ಗೆದ್ದರು. ಸಂತೋಷವೂ ಆಯಿತು, ಒಂದಿಷ್ಟು ನೋವೂ ಆಯಿತು.

ಮುಂದಿನ ಆಟ ಚಿಕ್ಕೋಡಿಯಲ್ಲಿ, ಜಿಲ್ಲಾ ಮಟ್ಟ. ಹಿಂದಿನ ದಿನ ಮಗಳು ಶೂ ಒರೆಸುತ್ತ, ತಲೆ ಎತ್ತದೆ ಹೇಳಿದಳು: "ನಮ್ಮ ಟೀಮಿನ ಕ್ರೂಸರ್ ಗಾಡ್ಯಾಗ ಒಂದ ಸೀಟ ಖಾಲಿ ಐತೆವ್ವ."

ಇಡೀ ಊರಿಗೆ ಕೇಳುವಂತೆ ಹ್ಞೂಂ ಅನ್ನಬೇಕೆನಿಸಿತು. ಮೆಲ್ಲಗೆ ಹ್ಞೂಂ ಅಂದೆ.

ಚಿಕ್ಕೋಡಿಯಲ್ಲಿ ಎದುರಾದವರು ನಿಪ್ಪಾಣಿ ತಂಡದವರು. ಆ ಕಡೆಯ ತಾಯಂದಿರು ಮರಾಠಿಯಲ್ಲಿ "ಪಳ, ಪಳ", ಓಡು ಓಡು, ಎಂದು ಕೂಗುತ್ತಿದ್ದರು. ನಾನು ಗೆರೆಯಿಂದ ಹತ್ತು ಹೆಜ್ಜೆ ಹಿಂದೆ, ನೀರಿನ ಕ್ಯಾನಿನ ಪಕ್ಕ ಕೂತಿದ್ದೆ. ಕೊನೆಯ ಸರದಿಯಲ್ಲಿ ಮಗಳು ಬೆನ್ನಟ್ಟಿ ಹೊರಟಾಗ ನಿಪ್ಪಾಣಿಯ ಹುಡುಗಿ ಬಳುಕಿ ಹಿಂದೆ ಉಳಿದಳು. ನನ್ನ ಬಾಯಿ ತನ್ನಷ್ಟಕ್ಕೆ ತೆರೆಯಿತು. ಸೆರಗನ್ನು ಬಾಯಿಗೆ ತುರುಕಿ ಕಚ್ಚಿ ಹಿಡಿದೆ. ಮಗಳು ತಿರುಗಲಿಲ್ಲ. ನೆಟ್ಟಗೆ ಓಡಿ ಮುಂದಿನ ಚೌಕದವಳಿಗೆ ಖೋ ಕೊಟ್ಟಳು. ಅವಳೆದ್ದು ಆ ಹುಡುಗಿಯನ್ನು ಮುಟ್ಟಿಯೇಬಿಟ್ಟಳು.

ಆದರೂ ಎರಡು ಅಂಕದಿಂದ ಸೋತೆವು. ಹುಡುಗಿಯರು ಅಲ್ಲಲ್ಲೇ ನೆಲಕ್ಕೆ ಕೂತರು. ಸರ್ ಒಬ್ಬೊಬ್ಬರ ತಲೆ ಸವರುತ್ತ ಹೋದರು. ನನ್ನ ಬಾಯಿಗೆ ಹತ್ತು ಮಾತು ಬಂದವು, ಒಂದನ್ನೂ ಆಡಲಿಲ್ಲ. ಮಗಳು ನೇರ ನನ್ನ ಹತ್ತಿರ ಬಂದು, ಬೆವರಿನ ಮೈಯಲ್ಲೇ ಒರಗಿ ಕೂತು, ಗಟಗಟನೆ ನೀರು ಕುಡಿದಳು.

"ಮುಂದಿನ ವರ್ಷ ಟೆಂತ್ ಅಂತ ಬಿಡಸಬ್ಯಾಡವ್ವ. ನಾ ಆಡಾಕಿ," ಅಂದಳು. ಬಾಟ್ಲಿ ನನ್ನ ಕೈಗಿಟ್ಟು ಇನ್ನೊಂದು ಮಾತು ಸೇರಿಸಿದಳು. "ನೀನೂ ಬರಾಕಿ."

ಕೇಳಲಿಲ್ಲ, ಹೇಳಿದಳು. ನಾನು ಅವಳ ಒದ್ದೆ ಜಡೆಯಲ್ಲಿ ಮುಖವಿಟ್ಟು ಅತ್ತುಬಿಟ್ಟೆ.