ತಲೆಮೇಸ್ತ್ರಿ ಹುಡುಕಿದ ಮುಖ

ನಮ್ಮ ಬ್ಯಾನರ್ ಅಂಗಡಿಯ ತಲೆಮೇಸ್ತ್ರಿಯ ಬಗ್ಗೆ ಯಾರಾದರೂ ಬರೆಯಬೇಕಿತ್ತು. ಯಾರೂ ಬರೆಯಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನಗರದ ಅರ್ಧ ಗೋಡೆಗಳ ಮೇಲೆ ನಗುತ್ತಿರುವ ಮುಖಗಳನ್ನು ಕೂರಿಸಿದವನು ಅವನು. ಅವನು ನೋಡಬೇಕೆಂದಿದ್ದ ಮುಖ ಒಂದೇ. ಅದು ಅವನಿಗೆ ಸಿಗಲಿಲ್ಲ.

ನಾನು ಅಲ್ಲಿ ಏಣಿ ಕೆಲಸದವನು. ಅವನು ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಮೆಷಿನ್ನು ಮುದ್ರಿಸುತ್ತದೆ, ನಾನು ಕಂಬಕ್ಕೆ ಕಟ್ಟುತ್ತೇನೆ. ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಮುಂದೆ ಗಾಜಿನ ಬಾಗಿಲು, ಹಿಂದೆ ಮೆಷಿನ್ನು, ನಡುವೆ ಅವನ ಮೇಜು. ಇಂಕಿನ ವಾಸನೆಗೆ ಹೊಸಬರಿಗೆ ತಲೆ ಸುತ್ತುತ್ತದೆ. ನಮ್ಮ ಮೈಯಿಂದ ಅದು ಸ್ನಾನ ಮಾಡಿದರೂ ಹೋಗುವುದಿಲ್ಲ.

ತಲೆಮೇಸ್ತ್ರಿ ಎಂದು ಹೆಸರಿಟ್ಟವರು ಯಜಮಾನರು. ಲೀಡರುಗಳು ಒಳ್ಳೆಯ ಫೋಟೋ ಕಳಿಸುವುದಿಲ್ಲ. ಊಟದ ಪಂಕ್ತಿಯಲ್ಲಿ ಬಾಯಿ ತುಂಬಿಕೊಂಡದ್ದು, ಕಾರಿನೊಳಗೆ ಅರ್ಧ ಕತ್ತಲೆಯಲ್ಲಿ ತೆಗೆದದ್ದು, ಇಂಥವೇ ಬರುತ್ತವೆ. ಅದಕ್ಕಾಗಿ ಅಂಗಡಿಯಲ್ಲಿ ಕೆಲವು ಮೈಗಳಿವೆ. ಬಿಳಿ ಅಂಗಿ ತೊಟ್ಟು ಕೈ ಬೀಸುವ ಮೈ, ಕೋಟು ಹಾಕಿದ ಮೈ, ನಡೆದು ಬರುವ ಮೈ. ಬಂದ ಮುಖವನ್ನು ಕತ್ತರಿಸಿ ಅದರ ಮೇಲೆ ಕೂರಿಸಬೇಕು. ಕತ್ತಿನ ಬಣ್ಣ ಹೊಂದಿಸುವುದೇ ಕಷ್ಟ. ಅವನು ಅದನ್ನು ಕಾಫಿ ಕುಡಿಯುತ್ತ ಮಾಡಿ ಮುಗಿಸುತ್ತಿದ್ದ.

ಒಂದು ಚುನಾವಣೆಯಲ್ಲಿ ಎದುರಾಬದುರಾಗಿ ನಿಂತ ಇಬ್ಬರಿಗೂ ಅದೇ ಬಿಳಿ ಅಂಗಿಯ ಮೈ ಹಾಕಿದ್ದ. ಎರಡು ಬ್ಯಾನರನ್ನೂ ಒಂದೇ ಸರ್ಕಲ್ಲಿನಲ್ಲಿ ನಾನೇ ಕಟ್ಟಿದೆ. ಯಾರಿಗೂ ಗೊತ್ತಾಗಲಿಲ್ಲ.

“ನಿನ್ನ ಓಟು ಯಾರಿಗಪ್ಪ?” ಎಂದು ಕೇಳಿದೆ.

“ಆ ಮೈಗೆ,” ಎಂದ. “ಯಾರು ಗೆದ್ರೂ ಗೆಲ್ಲೋದು ಅದೇ ಅಲ್ವಾ ಅಣ್ಣ.”

ಕೆಲಸವಿಲ್ಲದಾಗ ನೆಟ್ಟಿನಲ್ಲಿ ಊರೂರು ತಿರುಗುತ್ತಿದ್ದ. ಮ್ಯಾಪಿನಲ್ಲಿ ರಸ್ತೆಗಳ ಫೋಟೋ ಇರುತ್ತದಲ್ಲ, ಕ್ಯಾಮೆರಾ ಹೊತ್ತ ಕಾರು ಓಡಾಡಿ ತೆಗೆದದ್ದು, ಅದರೊಳಗೆ ನಡೆಯುತ್ತಿದ್ದ. ಮೌಸು ಒತ್ತಿದರೆ ಒಂದಿಷ್ಟು ಮುಂದೆ. ಒಂದು ಕೈಯಲ್ಲಿ ಡಬ್ಬಿಯ ಊಟ ತಿನ್ನುತ್ತ, ಇನ್ನೊಂದು ಕೈಯಲ್ಲಿ ಯಾವುದೋ ದೇಶದ ಬೆಟ್ಟ ಹತ್ತುತ್ತಿದ್ದ. ನಿಜವಾಗಿ ಅವನು ನಗರ ದಾಟಿದವನೇ ಅಲ್ಲ.

“ಇವತ್ತು ಎಲ್ಲಿಗೆ ಹೊರಟಿತು ಸವಾರಿ?” ಎಂದು ಯಜಮಾನರು ಕೇಳುತ್ತಿದ್ದರು.

“ಬಂದರಿನ ಕಡೆಗೆ ಸಾರ್.”

“ಚಪ್ಪಲಿ ಸವೆದೀತು ಕಣೋ. ಸಂಜೆ ಒಳಗೆ ವಾಪಸ್ ಬಂದ್ಬಿಡು, ಲೀಡರ್ ಹುಟ್ಟುಹಬ್ಬದ್ದು ಪ್ರಿಂಟಿಗೆ ಹೋಗ್ಬೇಕು.”

ಅವನೂ ಅವನ ಅಮ್ಮನೂ ಒಂದು ಮಹಡಿಯ ಮೇಲಿನ ಎರಡು ಕೋಣೆಯಲ್ಲಿ ಇದ್ದಾರೆ. ಅಮ್ಮ ಬಟ್ಟೆ ಹೊಲಿಯುವವರು. ಅಪ್ಪ ಅವನಿಗೆ ನೆನಪು ಮೂಡುವ ಮೊದಲೇ ಮನೆ ಬಿಟ್ಟು ಹೋದವರು. ಅವರು ಬಿಟ್ಟುಹೋದ ಆ ವಾರದಲ್ಲೇ ಅಮ್ಮ ಹೊಲಿಗೆಯ ಕತ್ತರಿಯಿಂದ ಎಲ್ಲ ಫೋಟೋಗಳಲ್ಲೂ ಅವರ ಮುಖ ಕತ್ತರಿಸಿ ಒಲೆಗೆ ಹಾಕಿದರು. ಉಳಿದದ್ದು ಒಂದೇ ಫೋಟೋ, ಅದರಲ್ಲೂ ಮುಖದ ಜಾಗದಲ್ಲಿ ತೂತು. ಅದನ್ನು ಯಾಕೆ ಇಟ್ಟುಕೊಂಡಿರಿ ಎಂದು ನಾನೊಮ್ಮೆ ಕೇಳಿದ್ದೆ. “ಅದ್ರಲ್ಲಿ ನಾನು ಚೆನ್ನಾಗಿ ಬಂದಿದ್ದೀನಿ,” ಎಂದರು.

ಒಂದು ಮಧ್ಯಾಹ್ನ ಅವನು ನನ್ನನ್ನು ಏಣಿಯಿಂದ ಇಳಿಸಿ ಕರೆದ. ಪರದೆಯ ಮೇಲೆ ಬಂದರಿನ ಊರಿನ ಒಂದು ಬೀದಿ. ಚಹಾ ಅಂಗಡಿ, ಅದರ ಮುಂದೆ ಬೆಂಚು, ಬೆಂಚಿನ ಮೇಲೆ ಒಬ್ಬ ಮನುಷ್ಯ. ಮುಖ ಮಸುಕಾಗಿತ್ತು. ಆ ಮ್ಯಾಪಿನಲ್ಲಿ ದಾರಿಹೋಕರ ಮುಖಗಳನ್ನು ಹಾಗೆ ಒರೆಸಿಬಿಡುತ್ತಾರೆ.

“ಯಾರೋ ಇದು?”

“ನಮ್ಮಪ್ಪ.”

“ಮುಖಾನೇ ಕಾಣಲ್ವಲ್ಲೋ.”

“ಇದ್ರಲ್ಲೂ ಕಾಣಲ್ಲ,” ಎಂದು ಮನೆಯ ಫೋಟೋ ತೆಗೆದು ಪರದೆಯ ಪಕ್ಕಕ್ಕೆ ಹಿಡಿದ.

ಎರಡರಲ್ಲೂ ಎಡ ಭುಜ ಇಳಿದಿತ್ತು. ಒಂದು ಕೈ ಇನ್ನೊಂದರ ಮೊಣಕೈಯನ್ನು ಹಿಡಿದಿತ್ತು. ಪಾದದ ಮೇಲೆ ಪಾದ.

“ಮುಖ ಬಿಟ್ಟು ಮೈ ನೋಡೋದೇ ನನ್ನ ಕೆಲ್ಸ ಅಲ್ವಾ ಅಣ್ಣ?”

ನಾನು ಫೋಟೋವನ್ನು ಅವನ ಕೈಯಿಂದ ತೆಗೆದುಕೊಂಡು ಪರದೆಗೆ ಇನ್ನೂ ಹತ್ತಿರ ಹಿಡಿದೆ.

ಅವನು ರಜೆ ಕೇಳಿದ. ಎಲೆಕ್ಷನ್ ಮುಗಿಯಲಿ ಎಂದರು ಯಜಮಾನರು. ಅದು ಮುಗಿಯುವಷ್ಟರಲ್ಲಿ ಸರ್ಕಾರ ಬಿತ್ತು, ಇನ್ನೊಂದು ಬಂತು. ಬಿಳಿ ಅಂಗಿಯ ಮೈಗೆ ಮತ್ತೆ ಹೊಸ ತಲೆಗಳು. ಅವನು ದಿನವೂ ಊಟದ ಹೊತ್ತಿಗೆ ಆ ಬೆಂಚಿನ ತನಕ ಹೋಗಿ ಬರುತ್ತಿದ್ದ. ಅಷ್ಟರಲ್ಲಿ ಹುಡುಕುವುದಾದರೂ ಹೇಗೆ ಎಂಬ ಚಿಂತೆ ಹತ್ತಿತು. ಮುಖವಿಲ್ಲದ ಮನುಷ್ಯನನ್ನು ಯಾರ ಹತ್ತಿರ ತೋರಿಸಿ ಕೇಳುವುದು?

ಅಮ್ಮನನ್ನು ಕೇಳಿದನಂತೆ, ಅಪ್ಪ ನೋಡೋಕೆ ಹೇಗಿದ್ದರು ಎಂದು.

“ನಿನ್ನ ಥರಾನೇ,” ಎಂದರಂತೆ. “ಅದಕ್ಕೇ ಒಂದೊಂದ್ಸಲ ನಿನ್ನ ಮುಖ ನೋಡೋಕಾಗಲ್ಲ ನಂಗೆ.”

ಅವನಿಗೆ ಗೊತ್ತಿದ್ದ ಕೆಲಸ ಒಂದೇ, ಅದನ್ನೇ ಮಾಡಿದ. ತನ್ನ ಮುಖದ ಫೋಟೋ ತೆಗೆದು ನೆರಿಗೆ ಬರೆದ, ಕೂದಲು ಬೆಳ್ಳಗೆ ಮಾಡಿದ, ಅಪ್ಪನ ಮೈಯ ಮೇಲೆ ಕೂರಿಸಿದ. ಕತ್ತಿನ ಬಣ್ಣ ಹೊಂದಿಸಲು ಈ ಸಲ ಬಹಳ ಹೊತ್ತು ಹಿಡಿಯಿತು. ‘ಇವರನ್ನು ನೋಡಿದ್ದೀರಾ?’ ಎಂದು ಮೇಲೆ ಬರೆದು, ಕೆಳಗೆ ಫೋನ್ ನಂಬರು ಹಾಕಿ ಪೋಸ್ಟರ್ ಮಾಡಿದ. ಅದನ್ನು ಅಮ್ಮನಿಗೆ ತೋರಿಸುವಾಗ ನಾನೂ ಜೊತೆಗಿದ್ದೆ. ಹೊಲಿಗೆ ಮೆಷಿನ್ನಿನ ಚಕ್ರ ನಿಂತಿತು. ಅವರು ನೋಡಿದರು.

“ಕಿವಿ ಹೀಗಿರ್ಲಿಲ್ಲ,” ಎಂದರು. ಚಕ್ರ ಮತ್ತೆ ತಿರುಗಿತು.

ಕೊನೆಗೆ ರಜೆ ಸಿಕ್ಕಿತು. ಒಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ಆ ಊರಿನಲ್ಲಿ ರೈಲು ಇಳಿದ ಮೇಲೆ ಅವನು ಯಾರನ್ನೂ ದಾರಿ ಕೇಳಲಿಲ್ಲ. “ಇಲ್ಲಿ ಎಡಕ್ಕೆ. ಈಗೊಂದು ಔಷಧಿ ಅಂಗಡಿ ಬರುತ್ತೆ ನೋಡಿ.” ಬಂತು. ಆದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಏದುಸಿರು ಬಿಡುತ್ತ ನಿಂತ.

“ಇದು ಏರು ಅಂತ ಗೊತ್ತೇ ಇರ್ಲಿಲ್ಲ ಅಣ್ಣ. ಫೋಟೋದಲ್ಲಿ ಸಮ ಕಾಣ್ತಿತ್ತು.”

ಚಹಾ ಅಂಗಡಿ ಇತ್ತು. ಬೆಂಚು ಇರಲಿಲ್ಲ. ಬೆಂಚಿದ್ದ ಜಾಗದಲ್ಲಿ ಈಗ ರಸ್ತೆ. ಅಗಲ ಮಾಡಿದ್ದಾರೆ.

ಚಹಾ ಅಂಗಡಿಯ ಹೆಂಗಸಿಗೆ ಮೊಬೈಲಿನಲ್ಲಿ ಮ್ಯಾಪಿನ ಫೋಟೋ ತೋರಿಸಿದ.

“ಬೆಂಚೂ ಹೋಯ್ತು, ಕೂರೋರೂ ಹೋದ್ರು,” ಎಂದರು ಆಕೆ. “ಹಾಗೆ ಕೂರ್ತಿದ್ದೋನು ಒಬ್ಬ ಇದ್ದ. ಮಾತೇ ಕಮ್ಮಿ. ಹೆಸರು ಯಾರಿಗ್ಗೊತ್ತು? ರಸ್ತೆ ಅಗೆಯೋಕೆ ಶುರು ಮಾಡಿದ್ಮೇಲೆ ಬರ್ಲಿಲ್ಲ.”

“ಎಲ್ಲಿಗೆ ಹೋದ್ರು?”

“ಬಂದಾಗ ಎಲ್ಲಿಂದ ಅಂತ ಕೇಳ್ಲಿಲ್ಲ, ಹೋಗ್ವಾಗ ಎಲ್ಲಿಗೆ ಅಂತ ಕೇಳ್ತೀನಾ?”

ಅವನು ಪೋಸ್ಟರ್ ಬಿಡಿಸಿ ಹಿಡಿದ. ಆಕೆ ಪೋಸ್ಟರನ್ನೂ ಅವನನ್ನೂ ನೋಡಿದರು.

“ಇದು ನೀನೇ ಅಲ್ವೇನಪ್ಪಾ. ಎಲೆಕ್ಷನ್ನಿಗೆ ನಿಂತಿದ್ದೀಯಾ?”

ಆದರೂ ಪೋಸ್ಟರುಗಳನ್ನು ಆ ಬೀದಿಯ ಗೋಡೆಗಳಿಗೆ ಅಂಟಿಸಿದೆವು. ಒಂದನ್ನು ನಾನು ಕಿಟಕಿಯ ಕಟ್ಟೆ ಹತ್ತಿ ಎತ್ತರದಲ್ಲಿ ಅಂಟಿಸಿದೆ. ಬಂದರು ಸುತ್ತಿ, ಸಿಕ್ಕಿದವರನ್ನೆಲ್ಲ ಕೇಳಿ ವಾಪಸ್ಸು ಬಂದರೆ ಇಬ್ಬರು ತರುಣರು ಪೋಸ್ಟರುಗಳನ್ನು ಕೆರೆದು ತೆಗೆಯುತ್ತಿದ್ದರು.

“ಯಾರ್ರೀ ಇಲ್ಲಿ ಅಂಟಿಸು ಅಂದಿದ್ದು? ಆ ಪಾರ್ಟಿಗೆ ಈ ಬೀದೀಲಿ ಜಾಗ ಇಲ್ಲ.”

“ಪಾರ್ಟಿ ಅಲ್ಲ. ಅವ್ರು ನಮ್ಮಪ್ಪ.”

“ಆಯ್ತು, ನಿಮ್ಮಪ್ಪ ಯಾವ ವಾರ್ಡಿಗೆ ನಿಂತಿರೋದು?”

ಅವನು ಕೆಳಗೆ ಬಿದ್ದಿದ್ದ ಚೂರೊಂದನ್ನು ಎತ್ತಿ ನೋಡುತ್ತ ನಿಂತ. ಸುತ್ತಲೂ ಹಳದಿ, ನೀಲಿ ಪಟ್ಟಿ. ಲೀಡರ್ ಹುಟ್ಟುಹಬ್ಬದ ಬ್ಯಾನರುಗಳಿಗೆ ಹಾಕಿ ಹಾಕಿ ಅವನ ಕೈಗೆ ರೂಢಿಯಾಗಿದ್ದ ಪಾರ್ಟಿಯ ಅಂಚು. ಕೆಳಗೆ ನಮ್ಮ ಅಂಗಡಿಯ ಹೆಸರು.

“ಕೈ ತಾನಾಗೇ ಹಾಕ್ಬಿಟ್ಟಿದೆ ಅಣ್ಣ,” ಎಂದ. “ನಾನು ನೋಡೇ ಇಲ್ಲ.”

ಎತ್ತರದಲ್ಲಿದ್ದದ್ದು ಅವರ ಕೈಗೆ ಎಟುಕಲಿಲ್ಲ. ಅದೊಂದು ಉಳಿಯಿತು.

ಆಮೇಲೆ ಆ ಊರಿನಿಂದ ಒಂದೇ ಒಂದು ಫೋನ್ ಬಂತು. ಅವನು ಕೈಯಲ್ಲಿದ್ದುದನ್ನು ಬಿಟ್ಟು ಎದ್ದು ನಿಂತು ಮಾತಾಡಿದ. ಯಾರೋ ಬ್ಯಾನರಿನ ರೇಟು ಕೇಳಿದರು. ರೇಟು ಹೇಳಿ ಕೂತ.

ಮೊನ್ನೆ ಮತ್ತೆ ನನ್ನನ್ನು ಕರೆದ. ಮ್ಯಾಪಿನವರು ಹೊಸ ಫೋಟೋ ತೆಗೆದಿದ್ದರು. ಅದೇ ಬೀದಿ, ಅಗಲದ ರಸ್ತೆ, ಚಹಾ ಅಂಗಡಿ. ಮೇಲೆ ಗೋಡೆಯಲ್ಲಿ ನಮ್ಮ ಪೋಸ್ಟರ್. ಮೈ ಸ್ಪಷ್ಟವಾಗಿತ್ತು, ಪಾದದ ಮೇಲೆ ಪಾದ. ಮುಖ ಮಸುಕು. ದಾರಿಹೋಕ ಎಂದುಕೊಂಡು ಅದನ್ನೂ ಒರೆಸಿದ್ದರು.

ಯಜಮಾನರೂ ಹಿಂದೆ ಬಂದು ನಿಂತು ನೋಡಿದರು. ಅವರಿಗೆ ಯಾವ ತಮಾಷೆಯೂ ಹೊಳೆಯಲಿಲ್ಲ.

“ಇನ್ನೊಂದ್ಸಲ ಹೋಗೋಣ್ವಾ?” ಎಂದೆ ನಾನು.

“ಬೇಡ ಬಿಡಿ ಅಣ್ಣ. ಹೋಗಿ ಯಾರನ್ನ ತೋರಿಸ್ಲಿ?”

ಅದನ್ನು ಮುಚ್ಚಿ ಬಿಳಿ ಅಂಗಿಯ ಮೈ ತೆರೆದ. ಈಗ ಅವನು ಎಲ್ಲಿಗೂ ತಿರುಗುವುದಿಲ್ಲ. ಊಟದ ಹೊತ್ತಿಗೆ ಪರದೆ ಆರಿಸಿ ಬಾಗಿಲ ಕಡೆ ನೋಡುತ್ತ ಕೂರುತ್ತಾನೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಇಂಕಿನ ವಾಸನೆ ಬಂದ ಕಡೆ ನಮ್ಮ ಅಂಗಡಿ. ಬ್ಯಾನರ್ ಮಾಡಿಸುವ ಕೆಲಸ ಇಲ್ಲದಿದ್ದರೂ ಒಮ್ಮೆ ಹೋಗಿ. ಯಾರನ್ನೂ ಕೇಳಬೇಕಿಲ್ಲ, ಗುರುತು ಸಿಗುತ್ತದೆ. ಎಡ ಭುಜ ಇಳಿಬಿಟ್ಟು, ಮೊಣಕೈ ಹಿಡಿದುಕೊಂಡು, ಪಾದದ ಮೇಲೆ ಪಾದ ಇಟ್ಟು ಕೂತಿರುವವನೇ ಅವನು. ಸ್ವಲ್ಪ ಹೊತ್ತು ಎದುರಿಗೆ ಕೂತು, ಮುಖ ನೋಡಿ ಮಾತಾಡಿಸಿ ಬನ್ನಿ.