ಆಶಾರಾಣಿ ಟೀಚರ್ ಅಂಟಿಸಿದ ಪಟ್ಟಿ

ಬೆಳಗಿನ ಆರಕ್ಕೆಲ್ಲ ಶುಂಠಿ ತೊಳೆಯುವ ಮೋಟರ್ ಶುರುವಾಗುತ್ತದೆ. ಮೊದಲು ಒಂದು ಕೆಮ್ಮು, ಆಮೇಲೆ ಒಂದೇ ಸಮನೆ ಗುಡುಗುಟ್ಟುವ ಸದ್ದು, ಅದರ ಬೆನ್ನಿಗೇ ಪೈಪಿನ ನೀರು ಶುಂಠಿಯ ರಾಶಿಗೆ ಬಡಿಯುವ ಸದ್ದು. ಹಾರಂಗಿ ನಾಲೆಯ ಪಕ್ಕದ ಆ ಕಣದ ಎದುರಿಗೇ ಆಶಾರಾಣಿಯವರ ಮನೆ. ಶುಂಠಿ ಕೀಳುವ ತಿಂಗಳುಗಳಲ್ಲಿ ಅವರಿಗೆ ಅಲಾರಂ ಬೇಕಿಲ್ಲ. ಎದ್ದು, ಕಾಫಿ ಕುಡಿದು, ಕೊರಳಿಗೆ ವಿಷಲ್ ಹಾಕಿಕೊಂಡು ಸ್ಕೂಟರ್ ಹತ್ತುವಾಗ ಗಂಡ ಸುನಿಲ್ ಒಳಗಿನಿಂದಲೇ ಹೇಳುತ್ತಾರೆ: “ತಾಳಿ ಮರೆತ್ರೂ ಅದನ್ನ ಮಾತ್ರ ಮರೆಯಲ್ಲ ನೀನು.”

ಆಶಾರಾಣಿಯವರದು ಅರಕಲಗೂಡಿನ ಕಡೆಯಿಂದ ಬಂದ ಮನೆತನ. ನಾಲೆಯಲ್ಲಿ ನೀರು ಬಂದ ಮೇಲೆ ಅಜ್ಜ ಇಲ್ಲಿ ಗದ್ದೆ ಮಾಡಿದರು, ಅಪ್ಪ ಪುಟ್ಟಸ್ವಾಮಿ ಅದನ್ನೇ ಮುಂದುವರಿಸಿದರು. ಹದಿನೈದರ ಹೊತ್ತಿಗೆ ಆಶಾರಾಣಿ ಅಣ್ಣಂದಿರಿಗಿಂತ ಎತ್ತರವಾಗಿದ್ದರು. “ತೆಂಗಿನಕಾಯಿ ಕೀಳೋಕೆ ದೋಟಿ ಯಾಕೆ, ಆಶಾ ಇಲ್ವಾ” ಎಂದು ಮನೆಯವರು ನಗುತ್ತಿದ್ದರು. ಆ ಎತ್ತರಕ್ಕೆ ಒಂದು ಉಪಯೋಗವಿದೆ ಎಂದು ಗೊತ್ತಾಗಿದ್ದು ಗೋಣಿಕೊಪ್ಪಲಿನ ಕಾಲೇಜಿಗೆ ಹೋದಾಗ. ಅಲ್ಲಿ ಎಲ್ಲರ ಕೈಯಲ್ಲೂ ಹಾಕಿ ಸ್ಟಿಕ್ಕು. ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಹಾಸ್ಟೆಲಿನವರು ಬಟ್ಟೆ ಒಣಗಿಸುತ್ತಿದ್ದರು. ಆ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಆಡಲು ಶುರು ಮಾಡಿದ ಐದಾರು ಹುಡುಗಿಯರಲ್ಲಿ ಆಶಾರಾಣಿ ಒಬ್ಬರು.

ಕೊನೆಯ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯಿತು. ಮೇಜಿನ ಹಿಂದೆ ಕೂತಿದ್ದವರು, ಈ ಹುಡುಗಿ ಇದುವರೆಗೆ ಎಷ್ಟು ಪಾಯಿಂಟ್ ಹೊಡೆದಿದ್ದಾಳೆ ಎಂದು ಕೇಳಿದರು. ಕಾಲೇಜಿನ ಮೇಷ್ಟ್ರು ತಲೆ ಕೆರೆದುಕೊಂಡರು. ಯಾರೂ ಬರೆದಿಟ್ಟಿರಲಿಲ್ಲ. ತನ್ನ ಪಾಯಿಂಟ್ ಬರೆಸಿಕೊಂಡು ಬಂದಿದ್ದ ಇನ್ನೊಬ್ಬ ಹುಡುಗಿ ತಂಡ ಸೇರಿದಳು. ಅವಳೇನೂ ಕೆಟ್ಟ ಆಟಗಾರ್ತಿಯಲ್ಲ ಎಂದು ಆಶಾರಾಣಿ ಈಗಲೂ ಹೇಳುತ್ತಾರೆ. ಹೇಳುವಾಗ ಕೈ ತಾನಾಗಿ ವಿಷಲಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿರುತ್ತದೆ.

ಈಗ ಅವರು ಕುಶಾಲನಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರ್. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿದವರು ಅವರೇ. ಈ ವರ್ಷ ಆ ತಂಡದಲ್ಲಿ ದಿವ್ಯಶ್ರೀ ಎಂಬ ಹತ್ತನೇ ತರಗತಿಯ ಹುಡುಗಿ ಇದ್ದಳು. ಓಡುತ್ತ ಓಡುತ್ತಲೇ ನಿಂತಂತೆ ಕಾಣುವ ಹುಡುಗಿ, ರಿಂಗಿನ ಕೆಳಗೆ ಅವಸರವೇ ಇಲ್ಲದವಳು. ಅವಳ ಅಪ್ಪ ಅಶ್ವಥ್ ಶುಂಠಿ ಕಣದಲ್ಲಿ ಮೂಟೆ ಹೊರುವವರು. “ಊಟ ಜಾಗ ಕೊಟ್ಟು ಓದಿಸೋರಿದ್ರೆ ಮುಂದಕ್ಕೆ ಓದ್ಲಿ ಮೇಡಂ. ಇಲ್ದಿದ್ರೆ ಎಸ್ಸೆಸ್ಸೆಲ್ಸಿ ಸಾಕು, ಕಣಕ್ಕೆ ಬತ್ತಾಳೆ,” ಎಂದು ಅವರು ಹೇಳಿಯಾಗಿತ್ತು. ಊಟ, ಜಾಗ, ಓದು ಮೂರನ್ನೂ ಕೊಡುವುದು ಒಂದು ಕ್ರೀಡಾ ಹಾಸ್ಟೆಲ್. ಅಲ್ಲಿಗೆ ಹುಡುಗಿಯರನ್ನು ಆರಿಸುವ ಮಿಲನ್ ಎಂಬ ಕೋಚ್ ಮಡಿಕೇರಿಯಲ್ಲಿದ್ದರು. ಆಶಾರಾಣಿ ಅವರಿಗೆ ಫೋನ್ ಮಾಡಿದರು.

“ಮೇಡಂ, ಪ್ರತಿಯೊಬ್ಬ ಟೀಚರೂ ನಮ್ ಹುಡುಗಿ ಇಪ್ಪತ್ ಪಾಯಿಂಟ್ ಹೊಡಿತಾಳೆ ಅಂತ ಬರ್ಕೊಂಡ್ ಬರ್ತಾರೆ,” ಎಂದರು ಮಿಲನ್. “ಯಾರನ್ನ ನಂಬ್ಲಿ ಹೇಳಿ? ಮ್ಯಾಚ್ ಮುಗಿದ ದಿನವೇ ಎಲ್ರ ಕಣ್ಣಿಗೆ ಬೀಳೋ ಹಾಗೆ ಹಾಕಿರೋ ಪಟ್ಟಿ ಇದ್ರೆ ಕಳ್ಸಿ. ಅದನ್ನ ನಾನು ನಂಬ್ತೀನಿ.”

ಆಶಾರಾಣಿಗೆ ಅದು ನ್ಯಾಯದ ಮಾತು ಅನ್ನಿಸಿತು. ಅಂದಿನಿಂದ ಪ್ರತಿ ಪಂದ್ಯ ಮುಗಿದ ಸಂಜೆ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಬರತೊಡಗಿತು. ಎಡಗಡೆ ಹುಡುಗಿಯರ ಹೆಸರು, ಬಲಗಡೆ ಅವರವರು ಹೊಡೆದ ಪಾಯಿಂಟ್. ಅದರದೇ ಫೋಟೊ ಪೋಷಕರ ವಾಟ್ಸಾಪ್ ಗುಂಪಿಗೂ ಹೋಗುತ್ತಿತ್ತು. ಮಗಳನ್ನು ಸೇರಿಸಿದ ದಿನದ ನಂತರ ಶಾಲೆಯ ಕಡೆ ತಲೆಹಾಕದಿದ್ದ ಅಶ್ವಥ್ ಒಂದು ಮಧ್ಯಾಹ್ನ ಕಣದಿಂದ ನೇರವಾಗಿ ಬಂದು ಬೋರ್ಡಿನ ಮುಂದೆ ನಿಂತರು. ಮಣ್ಣಿನ ಬೆರಳು ತಾಗಬಾರದೆಂದು ಸ್ವಲ್ಪ ದೂರದಿಂದಲೇ ಮಗಳ ಹೆಸರಿನ ಕೆಳಗೆ ಗಾಳಿಯಲ್ಲಿ ಗೆರೆ ಎಳೆದರು. ಹದಿನಾರು. ಮುಂದಿನ ವಾರ ಮತ್ತೆ ಬಂದರು, ಹದಿನೆಂಟು. ನೋಡಿಕೊಂಡು ಹಾಗೆಯೇ ಕಣಕ್ಕೆ ಹಿಂತಿರುಗಿದರು. ಸ್ಟಾಫ್ ರೂಮಿನ ಕಿಟಕಿಯಿಂದ ಇದನ್ನು ನೋಡಿದ ಆಶಾರಾಣಿಗೆ ಬಹಳ ವರ್ಷದ ಒಂದು ಭಾರ ಇಳಿದಂತಾಯಿತು.

ಅದೇ ಹಾಳೆಯ ಕೊನೆಯ ಸಾಲಿನಲ್ಲಿ ವಿನುತಾಳ ಹೆಸರಿತ್ತು. ಎದುರಿಗೆ ಸೊನ್ನೆ. ಪ್ರತಿ ವಾರವೂ ಸೊನ್ನೆಯೇ. ವಿನುತಾ ಗಿಡ್ಡ, ಗಟ್ಟಿ ಹುಡುಗಿ. ಎದುರು ತಂಡದ ಅತಿ ಎತ್ತರದವಳ ಮುಂದೆ ಹೋಗಿ ನಿಲ್ಲುವುದು, ಅವಳಿಗೆ ದಾರಿ ಬಿಡದಿರುವುದು ಅವಳ ಕೆಲಸ. ಆ ಕೆಲಸವನ್ನು ಕೊಟ್ಟವರೂ ಆಶಾರಾಣಿಯೇ. ವಿನುತಾ ತಡೆದು ನಿಂತ ಜಾಗದಿಂದಲೇ ದಿವ್ಯಶ್ರೀಗೆ ರಿಂಗಿನ ದಾರಿ ತೆರೆಯುತ್ತಿತ್ತು. ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಒಂದು ಬೆಳಿಗ್ಗೆ ವಿನುತಾಳ ಅಜ್ಜಿ ಕಾಂತಮ್ಮ ಶಾಲೆಯ ಗೇಟಿನಲ್ಲಿ ಕಾಯುತ್ತಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಚೀಲ.

“ಮೇಡಂ, ನಮ್ ಹುಡುಗಿ ಏನಾರ ತಪ್ಪು ಮಾಡಿದ್ಲಾ?”

“ಇಲ್ಲಮ್ಮ. ಯಾಕೆ?”

“ಮತ್ತೆ ಗೋಡೇಲಿ ಅವಳ ಹೆಸರು ಬರೆದು ಸೊನ್ನೆ ಹಾಕಿದಿರಂತೆ? ಬಸ್ಸಲ್ಲಿ ಹುಡುಗರು ಸೊನ್ನೆ ಬಂತು ಜಾಗ ಬಿಡ್ರೋ ಅಂತಾರಂತೆ. ಎರಡ್ ದಿನದಿಂದ ರಾತ್ರಿ ಊಟ ಬಿಟ್ಟಿದಾಳೆ.”

“ಅದು ಬೈಗುಳ ಅಲ್ಲಮ್ಮ. ಆಟದಲ್ಲಿ ಆದದ್ದನ್ನ ಬರಿತೀವಿ, ಅಷ್ಟೇ.”

ಕಾಂತಮ್ಮ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. “ನಮ್ ಮನೇಲೂ ದಿನಾ ಏನೇನೋ ಆಯ್ತದೆ ತಾಯಿ. ಎಲ್ಲಾನೂ ಗೋಡೆಗೆ ಬರಿಯಕ್ಕಾಯ್ತದಾ?”

ಆ ಸಂಜೆ ಆಶಾರಾಣಿ ವಿನುತಾಳನ್ನು ಕರೆದು, ನಿನ್ನ ಕೆಲಸ ಆ ಹಾಳೆಯಲ್ಲಿ ಕಾಣುವುದಿಲ್ಲ, ಅದನ್ನು ನೋಡಬೇಡ ಎಂದರು.

“ನಾನು ನೋಡಲ್ಲ ಮಿಸ್,” ಎಂದಳು ವಿನುತಾ. “ಬೇರೆಯವರು ನೋಡ್ತಾರೆ.”

ಆದರೂ ಹಾಳೆ ನಿಲ್ಲಲಿಲ್ಲ. ಉಳಿದಿದ್ದು ಫೈನಲ್ ಒಂದೇ. ಅದೊಂದು ಮುಗಿದರೆ ದಿವ್ಯಶ್ರೀಯ ಲೆಕ್ಕ ಪೂರ್ತಿಯಾಗಿ ಮಡಿಕೇರಿಗೆ ಹೋಗುತ್ತದೆ, ಆಮೇಲೆ ನಿಲ್ಲಿಸಿದರಾಯಿತು ಎಂದುಕೊಂಡರು.

ಫೈನಲಿನ ದಿನ ಬಿಸಿಲು ತೆಳ್ಳಗಿತ್ತು. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೇ ಏನೋ ಸರಿಯಿಲ್ಲವೆಂದು ಆಶಾರಾಣಿಗೆ ಗೊತ್ತಾಯಿತು. ದಿವ್ಯಶ್ರೀ ರಿಂಗಿನ ಕೆಳಗೆ ಒಬ್ಬಳೇ ಇದ್ದಳು, ಚೆಂಡು ಕೈಯಲ್ಲಿತ್ತು, ಎದುರಿಗೆ ಯಾರೂ ಇರಲಿಲ್ಲ. ಅವಳು ಹೊಡೆಯಲಿಲ್ಲ. ತಿರುಗಿ ವಿನುತಾಳಿಗೆ ಪಾಸ್ ಕೊಟ್ಟಳು. ವಿನುತಾ ಎಸೆದದ್ದು ಬೋರ್ಡಿಗೂ ತಾಗಲಿಲ್ಲ. ಮತ್ತೆ ಚೆಂಡು ಸಿಕ್ಕಿತು, ಮತ್ತೆ ವಿನುತಾಳಿಗೇ ಹೋಯಿತು. ತಂಡದ ಶೋಭಿತಾ, ಚೋಮಿ ಕೂಡ ಹಾಗೆಯೇ ಮಾಡುತ್ತಿದ್ದರು. “ದಿವ್ಯಾ, ಹೊಡಿ” ಎಂದು ಆಶಾರಾಣಿ ಕೂಗಿದ್ದು ಕೇಳಿಸಿದರೂ ಆ ಹುಡುಗಿ ತಿರುಗಿ ನೋಡಲಿಲ್ಲ.

ಕೊನೆಯ ಗಳಿಗೆಯಲ್ಲಿ ಎರಡೂ ತಂಡ ಸಮ ಇದ್ದಾಗ ವಿನುತಾ ಎಸೆದ ಚೆಂಡು ರಿಂಗಿನ ಮೇಲೆ ಒಂದು ಸುತ್ತು ಹಾಕಿ ಒಳಗೆ ಬಿತ್ತು. ನಾಲ್ವರೂ ಓಡಿಹೋಗಿ ಅವಳನ್ನು ತಬ್ಬಿಕೊಂಡರು. ಚೋಮಿ ಅವಳನ್ನು ನೆಲದಿಂದ ಎತ್ತಿಯೇಬಿಟ್ಟಳು. ಅವರು ಹಾಗೆ ತಬ್ಬಿ ನಿಂತಿರುವಾಗಲೇ ಎದುರು ತಂಡದವರು ಚೆಂಡು ತೆಗೆದುಕೊಂಡು ಆ ಕಡೆಯ ರಿಂಗಿಗೆ ಹೋಗಿ ಹಾಕಿದರು. ಇವರು ಎಚ್ಚೆತ್ತು ಓಡುವಷ್ಟರಲ್ಲಿ ಇನ್ನೊಮ್ಮೆ ಹಾಕಿದರು. ಪಂದ್ಯ ಮುಗಿದ ವಿಷಲ್ ಕೇಳಿಸಿತು. ಎರಡು ಪಾಯಿಂಟಿನಿಂದ ಸೋತಿದ್ದರು.

ವಾಪಸು ಬರುವ ಜೀಪಿನಲ್ಲಿ ಯಾರೂ ಅಳಲಿಲ್ಲ. ಆಶಾರಾಣಿಯವರನ್ನು ಗಾಬರಿಗೊಳಿಸಿದ್ದು ಅದೇ.

ಮರುದಿನ ಬೆಳಿಗ್ಗೆ ಖಾಲಿ ಕೋರ್ಟಿನಲ್ಲಿ ದಿವ್ಯಶ್ರೀಯನ್ನು ಕೇಳಿದರು.

“ನಿನಗೆ ಬಂದಿರೋದು ನಾಲ್ಕು ಪಾಯಿಂಟ್. ಗೊತ್ತಾ?”

“ಗೊತ್ತು ಮಿಸ್.”

“ಬೇಕಂತಲೇ ಮಾಡಿದ್ಯಾ?”

ದಿವ್ಯಶ್ರೀ ಕಾಲ್ಬೆರಳಿನಿಂದ ಕೋರ್ಟಿನ ಬಿಳಿ ಗೆರೆಯನ್ನು ಉಜ್ಜಿದಳು. “ನಾಟಿ ಮಾಡುವಾಗ ಎಲ್ರೂ ಸಾಲಾಗಿ ಹಿಂದಕ್ಕೆ ಹೋಗ್ತಾ ನೆಡ್ತೀವಲ್ವಾ ಮಿಸ್. ಕೈ ನಿಧಾನ ಇರೋಳು ಒಬ್ಬಳೇ ಮುಂದೆ ಉಳ್ಕೊಂಬುಡ್ತಾಳೆ. ಬದುವಿನ ಮೇಲಿರೋರೆಲ್ಲ ಅವಳನ್ನೇ ನೋಡ್ತಾರೆ. ಅದ್ಕೆ ಪಕ್ಕದೋಳು ಅವಳ ಪಾಲಿಂದೂ ನಾಕು ಪೈರು ನೆಟ್ಕೊಡ್ತಾಳೆ. ನಮ್ಮವ್ವನೂ ನೆಡ್ತದೆ, ನಾನೂ ನೆಡ್ತೀನಿ. ಯಾರೂ ಹೇಳ್ಕೊಡ್ಬೇಕಾಗಿಲ್ಲ.”

“ಇದು ಗದ್ದೆ ಅಲ್ಲ ದಿವ್ಯಾ.”

“ಅಲ್ಲ ಮಿಸ್. ಆದ್ರೆ ಅವಳು ಒಬ್ಬಳೇ ಉಳ್ಕೊಂಡಿದ್ಲು.”

“ನಿನ್ನ ಹಾಸ್ಟೆಲ್ ಸೀಟು?”

ಬಿಳಿ ಗೆರೆಯ ಮೇಲೆ ಕಾಲ್ಬೆರಳು ನಿಂತಿತು. ಗೊತ್ತಿಲ್ಲದೆ ಮಾಡಿದ್ದಲ್ಲ ಎಂದು ಆಶಾರಾಣಿಗೆ ಆಗ ಅರ್ಥವಾಯಿತು.

ಮಧ್ಯಾಹ್ನದ ಊಟದ ಗಂಟೆಗೆ ವಿನುತಾ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. “ಮಿಸ್, ನನ್ನ ಎರಡು ಪಾಯಿಂಟನ್ನ ದಿವ್ಯಾ ಹೆಸರಿಗೆ ಬರಿತೀರಾ? ಅದು ಅವಳದೇ.” ಹಾಗೆ ಬರೆಯುವಂತಿಲ್ಲ ಎಂದಾಗ ಅವಳು, “ಹಾಗಾದ್ರೆ ಯಾರ್ದೂ ಬರೀಬೇಡಿ,” ಎಂದು ಹೇಳಿ ಕೈತೊಳೆಯಲು ಹೋದಳು.

ಆಶಾರಾಣಿ ಫೈನಲಿನ ಸ್ಕೋರ್‌ಶೀಟ್ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ಎದ್ದು ನೋಟಿಸ್ ಬೋರ್ಡಿನ ಗಾಜು ಸರಿಸಿ, ಅಲ್ಲಿದ್ದ ಹಾಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಗುಂಡುಸೂಜಿಗಳನ್ನು ಅಂಗೈಯಲ್ಲಿ ಕೂಡಿಸಿಕೊಳ್ಳುತ್ತಿದ್ದಾಗ ಹೆಡ್‌ಮಾಸ್ಟರ್ ಪರಮೇಶಪ್ಪನವರು ಬಂದರು.

“ಏನ್ ಮಾಡ್ತಿದೀರಿ ಮೇಡಂ? ಫೈನಲಿಂದು ಹಾಕಿ ಅಂದ್ರೆ ಇರೋದನ್ನೂ ತೆಗಿತಿದೀರಲ್ಲ.”

“ಇನ್ನು ಹಾಕಲ್ಲ ಸರ್. ಗುಂಪಿಗೂ ಕಳ್ಸಲ್ಲ.”

“ಹುಡುಗಿ ಕಮ್ಮಿ ಹೊಡೆದ ವಾರವೇ ಪಟ್ಟಿ ತೆಗೆದ್ರೆ ಆ ಮಿಲನ್ ಏನಂದ್ಕೋತಾರೆ? ಮುಚ್ಚಿಡ್ತಿದಾರೆ ಅಂತಾರೆ.”

“ಅನ್ಬಹುದು.”

ಪರಮೇಶಪ್ಪನವರು ದನಿ ತಗ್ಗಿಸಿದರು. “ನಾಲ್ಕರ ಎಡಗಡೆ ಒಂದನ್ನ ಸೇರಿಸಿಬಿಡಿ. ಹದಿನಾಲ್ಕು. ಫೈನಲ್ ನೋಡಿದೋರು ಎಷ್ಟು ಜನ? ನಿಮ್ಮ ಪುಣ್ಯ, ಹುಡುಗಿ ಓದ್ಕೋತಾಳೆ.”

ಆಶಾರಾಣಿಯವರ ಕೈ ನಿಂತಿತು. ಪೆನ್ನು ಅಲ್ಲೇ ಜೇಬಿನಲ್ಲಿತ್ತು. ಕಣದ ಕಟ್ಟೆಯ ಮೇಲೆ ಸೊಂಟಕ್ಕೆ ಸೆರಗು ಬಿಗಿದು ಶುಂಠಿ ಆರಿಸುವ ಹೆಂಗಸರ ನಡುವೆ ದಿವ್ಯಶ್ರೀಯ ಮುಖವನ್ನು ಅವರು ಒಮ್ಮೆ ಊಹಿಸಿಕೊಂಡಿರಬೇಕು.

“ಬೇಡ ಸರ್. ಗೊತ್ತಾದ್ರೆ ಅವಳೇ ಹೋಗಿ ಹೇಳಿಬಿಡ್ತಾಳೆ, ನಾನು ಹೊಡೆದಿದ್ದು ನಾಲ್ಕೇ ಅಂತ.”

“ಹೋಗ್ಲಿ, ಇನ್ನೊಂದು ಕಾಲಮ್ ಹಾಕಿ. ಪಾಸ್ ಕೊಟ್ಟಿದ್ದು, ತಡೆದಿದ್ದು, ಎಲ್ಲಾ ಬರೀರಿ.”

“ಆಗ ಆ ಕಾಲಮಲ್ಲೂ ಯಾರೋ ಒಬ್ಬಳು ಕೊನೇಲಿ ಇರ್ತಾಳೆ. ಬಸ್ಸಲ್ಲಿ ಅವಳಿಗೂ ಒಂದು ಹೆಸರಿಡ್ತಾರೆ.” ಬಿಡಿಸಿದ ಹಾಳೆಗಳನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು. “ಎಲ್ಲ ಆಟದ ಲೆಕ್ಕವೂ ನನ್ನ ಹತ್ರ ಇರುತ್ತೆ. ಯಾರಿಗೆ ಬೇಕೋ ಅವರಿಗೆ ಅವರದನ್ನು ಕೂರಿಸಿಕೊಂಡು ಹೇಳ್ತೀನಿ. ಮಿಲನ್ ಅವರಿಗೆ ಇವತ್ತು ನಾನೇ ಹೋಗಿ ಹೇಳ್ತೀನಿ. ಬಂದು ಒಂದು ಸಂಜೆ ಆಟ ನೋಡಿ ಅಂತೀನಿ.”

“ಅವರು ಬರಲ್ಲ ಅಂದ್ರೆ?”

“ಸೀಟು ಹೋಗುತ್ತೆ.”

“ಪಟ್ಟಿ ಹಾಕಲೇಬೇಕು ಅಂತ ಹಠ ಹಿಡಿದೋರೂ ನೀವೇ ಅಲ್ವಾ ಮೇಡಂ?”

“ಹೌದು ಸರ್. ನನ್ನ ಕಾಲದಲ್ಲಿ ನನ್ನ ಪಾಯಿಂಟನ್ನ ಒಬ್ಬರಾದ್ರೂ ಬರೆದಿಟ್ಟಿದ್ರೆ ಸಾಕಿತ್ತು ಅನ್ನಿಸ್ತಿತ್ತು.” ಗುಂಡುಸೂಜಿಗಳನ್ನು ಹೆಡ್‌ಮಾಸ್ಟರ್ ಕೋಣೆಯ ಮೇಜಿನ ಡಬ್ಬಿಗೆ ಸುರಿದು ಬ್ಯಾಗನ್ನು ಹೆಗಲಿಗೇರಿಸಿದರು. ಮಡಿಕೇರಿಯ ಬಸ್ಸಿಗೆ ಹೊತ್ತಾಗುತ್ತಿತ್ತು. ಪರಮೇಶಪ್ಪನವರು ವರಾಂಡದ ತುದಿಯವರೆಗೂ ಹಿಂದೆಯೇ ಬಂದು, ಕೊನೆಯ ಆಟದಲ್ಲಿ ಎಷ್ಟು ಎಂದು ಮಿಲನ್ ಕೇಳಿಯೇ ಕೇಳುತ್ತಾರೆ, ಆಗೇನು ಹೇಳುತ್ತೀರಿ ಎಂದರು.

“ನಾಲ್ಕು ಅಂತಾನೇ ಹೇಳ್ತೀನಿ,” ಎಂದರು ಆಶಾರಾಣಿ, ಮೆಟ್ಟಿಲಿಳಿಯುತ್ತ. “ಯಾಕೆ ನಾಲ್ಕು ಅಂತ ಕೇಳಿದ್ರೆ, ನಾಟಿ ಸಾಲಿಂದ ಶುರು ಮಾಡಿ, ವಿನುತಾ ಎಲ್ಲಿ ನಿಲ್ತಾಳೆ, ಅವಳು ನಿಂತ ಮೇಲೆ ದಿವ್ಯಾಗೆ ದಾರಿ ಹೇಗೆ, ಎಲ್ಲಾ ಹೇಳ್ತೀನಿ” ಎನ್ನುತ್ತಲೇ ಅವರು ಅಂಗಳ ದಾಟಿ, ಗೇಟಿನಾಚೆ ರಸ್ತೆಯ ಕಡೆಗೆ ನಡೆದರು.