ಚರಗಕ್ಕೆ ಮುಂಚೆ ನೆಕ್ಕಿದ ಭಜ್ಜಿ

ಎಳ್ಳಮಾವಾಸ್ಯೆಯ ಭಜ್ಜಿ ಕುದಿಯುವಾಗ ಮೆಂತ್ಯೆ ಸೊಪ್ಪು, ಹುಣಸೆಹುಳಿ, ಹಸಿ ತೊಗರಿಕಾಳು ಎಲ್ಲ ಸೇರಿ ಒಂದು ವಾಸನೆ ಏಳುತ್ತದೆ. ಈ ವರ್ಷ ಒಲೆಯ ಮುಂದೆ ಕೂತಾಗ ಆ ವಾಸನೆಗೆ ಅಕ್ಕ ನೆನಪಾದಳು...

ನಾನು ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವಳು, ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆಯಬೇಕು.

ಕೊಳಕೂರಿನ ನಮ್ಮ ಮನೆಯಲ್ಲಿ ಆಗ ಮೂವತ್ತು ಮಂದಿ ಉಣ್ಣುವವರು. ಒಂದು ವರ್ಷ ಈ ಹಬ್ಬದ ನಸುಕಿನಲ್ಲೇ ಚಿಕ್ಕವ್ವನಿಗೆ ಹೆರಿಗೆ ಬೇನೆ ಬಂತು. ಅವ್ವ, ದೊಡ್ಡವ್ವ ಅವಳನ್ನು ಕರೆದುಕೊಂಡು ಜೇವರ್ಗಿ ದವಾಖಾನೆಗೆ ಹೋದರು. ಗಂಡಸರು ಹೊಲದಲ್ಲಿ ಪೂಜೆಗೆ ಜೋಳದ ದಂಟಿನ ಕೊಂಪೆ ಕಟ್ಟುತ್ತಿದ್ದರು. ಮನೆಯಲ್ಲಿ ಉಳಿದದ್ದು ಮುದುಕಿ ಆಯಿ ಮತ್ತು ನಾವು ಹುಡುಗರು.

"ಅಡಿಗಿ ನಾವ ಮಾಡ್ತೇವಿ," ಎಂದಳು ಅಕ್ಕ. ಅವಳಿಗೆ ಹದಿಮೂರು.

"ಮಾಡ್ತಿ, ಮಾಡ್ತಿ! ಭೂಮಿತಾಯಿ ಇವತ್ತ ಉಪಾಸ ಮಲಗ್ತಾಳ," ಎಂದು ಆಯಿ ನಕ್ಕಳು. ಅಕ್ಕನಿಗೆ ಅದು ನಾಟಿತು.

ತಮ್ಮ ಶೇಂಗಾ ಸುಲಿದ. ಕಾಕಾನ ಮಗಳು ಸಜ್ಜೆಯ ಕಡುಬು ತಟ್ಟಿದಳು. ನಾನು ಸೊಪ್ಪು ಸೋಸಿದೆ. ಅಕ್ಕ ದೊಡ್ಡ ಬೋಗುಣಿಯಲ್ಲಿ ಕಟ್ಟಿಗೆಯ ಹುಟ್ಟು ಆಡಿಸುತ್ತ, ಬೊಗಸೆಯ ಅಂದಾಜಿನಲ್ಲೇ ಉಪ್ಪು ಹಾಕಿದಳು. ರುಚಿ ನೋಡುವಂತಿರಲಿಲ್ಲ. ಎಲ್ಲ ಅಡಿಗೆ ಕಲಸಿದ ಚರಗವನ್ನು ಹೊಲದ ತುಂಬ ಚೆಲ್ಲಿ ಭೂಮಿತಾಯಿಗೆ ಉಣಿಸುವ ತನಕ ಆ ಅಡಿಗೆಗೆ ಯಾರೂ ನಾಲಿಗೆ ಹಚ್ಚಬಾರದು.

ಅವಳು ಬುಟ್ಟಿ ತರಲು ಒಳಗೆ ಹೋದಾಗ ನಾನು ಹುಟ್ಟು ನೆಕ್ಕಿಬಿಟ್ಟೆ. ಬರೀ ಉಪ್ಪು.

ಬೋಗುಣಿ ಇನ್ನೂ ಒಲೆಯ ಮೇಲಿತ್ತು. ಗಡಿಗೆಯಲ್ಲಿ ಮಜ್ಜಿಗೆ ಇತ್ತು, ಕಡಲೆಹಿಟ್ಟೂ ಇತ್ತು. ಆದರೆ ಉಪ್ಪು ಹೆಚ್ಚಾಗಿದೆ ಎಂದರೆ ನಾನು ನೆಕ್ಕಿದ್ದು ಆಯಿಗೆ ಗೊತ್ತಾಗುತ್ತಿತ್ತು.

"ಯಾಕಬೇ, ಮಾರಿ ಹಂಗ್ಯಾಕ ಮಾಡೀದಿ?" ವಾಪಸು ಬಂದ ಅಕ್ಕ ಕೇಳಿದಳು.

"ಏನಿಲ್ಲ," ಎಂದೆ.

ಬಂಡಿ ಹತ್ತುವಾಗ ನನ್ನ ಗದ್ದಕ್ಕೆ ಅಂಟಿದ್ದ ಭಜ್ಜಿಯನ್ನು ಅವಳು ಹೆಬ್ಬೆರಳಿಂದ ಒರೆಸಿದಳು.

ಚರಗ ಚೆಲ್ಲಿ ಎಲ್ಲರೂ ಸಾಲಾಗಿ ಕೂತರು. ಮೊದಲ ತುತ್ತಿಗೇ ಕಾಕಾ ನೀರಿನ ತಂಬಿಗೆಗೆ ಕೈ ಹಾಕಿದ.

"ಭೂಮಿತಾಯಿಗೂ ಇದನ್ನೇ ಉಣಸೀದೇನಬೇ? ಈ ಹೊಲದಾಗ ಇನ್ನ ಜ್ವಾಳ ಬರ್ತದೋ, ಉಪ್ಪ ಬರ್ತದೋ!" ಎಂದಳು ಆಯಿ. ಎಲ್ಲರೂ ನಕ್ಕರು.

ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. ನಾನು ಕಣ್ಣು ತಪ್ಪಿಸಿ ಕಡುಬು ಮುರಿದೆ. ಅವಳು ನನ್ನ ಹೆಸರು ಎತ್ತಲಿಲ್ಲ. ತಲೆ ತಗ್ಗಿಸಿ ತನ್ನ ತಾಟಿನ ಭಜ್ಜಿಯನ್ನು ಪೂರ್ತಿ ಉಂಡಳು...

ಆಳಂದಕ್ಕೆ ಮದುವೆಯಾಗಿ ಹೋದ ಮೇಲೂ ಉಪ್ಪು ಹಾಕುವ ಹೊತ್ತಿಗೆ ಅವಳು ಬೇರೆಯವರನ್ನು ಕರೆಯುತ್ತಿದ್ದಳು. ಅತ್ತೆಮನೆಯವರು ಅದನ್ನು ಹೇಳಿ ಹೇಳಿ ನಗುತ್ತಿದ್ದರು. ಅವರ ಜೊತೆ ನಾನೂ ನಕ್ಕಿದ್ದೇನೆ.

ಹೋದ ವರ್ಷ ಅಕ್ಕ ತೀರಿಕೊಂಡಳು.

ಈ ಸಲ ನನ್ನ ಒಲೆಯ ಮುಂದೆ ಮೊಮ್ಮಗಳು ಹುಟ್ಟು ಹಿಡಿದು ನಿಂತಿದ್ದಳು.

"ನೆಕ್ಕಿ ನೋಡವ್ವ, ಉಪ್ಪ ಹೆಂಗದ?" ಎಂದೆ.

"ಆಯಿ, ಇನ್ನ ಚರಗ ಚೆಲ್ಲಿಲ್ಲಲ್ಲ!"

"ಭೂಮಿತಾಯಿಗೆ ನಾ ಹೇಳ್ತೇನಿ. ನೀ ನೋಡು."

ಅವಳು ಅಂಜುತ್ತ ನಾಲಿಗೆಯ ತುದಿ ಹಚ್ಚಿದಳು. "ಜರಾ ಹೆಚ್ಚಾಗ್ಯದ."

ಎದ್ದು ಒಂದು ತಂಬಿಗೆ ಮಜ್ಜಿಗೆ ಸುರಿದೆ. ಸರಿಹೋಯಿತು. ಅಷ್ಟೇ ಕೆಲಸ... ಅವತ್ತೂ ಅಷ್ಟೇ ಇತ್ತು.